ನಿಂತಲ್ಲಿ ಬಾರಿಸಲು ಬಾರದವರು ಸಿಲೋನಿಗೆ ಹೋದದ್ದು

ಪುತ್ತೂರು

ಪರದೇಶಕ್ಕೆ ಹೋಗಿಬಂದವರು ಅಲ್ಲಿಯ ಕಟ್ಟಡ ಎಷ್ಟು ಎತ್ತರ, ರಸ್ತೆ ಎಷ್ಟು ಅಗಲ ಎಂದೆಲ್ಲ ಬರೆಯುತ್ತಾರೆ. ನಾನು ಅಳೆಯಲು ಹೋದವನಲ್ಲ, ಬಾರಿಸಲು ಹೋದವನು. ಕುತ್ತಿಗೆಯಲ್ಲಿ ಡ್ರಮ್ಮು ನೇತಾಡುತ್ತಿತ್ತು. ಅದರ ಮೇಲಿಂದ ಎಷ್ಟು ಕಂಡಿತೋ ಅಷ್ಟೇ ನನ್ನ ಸಿಲೋನು. ಎತ್ತರ ಅಗಲ ಬೇಕಾದವರು ಬೇರೆ ಪುಸ್ತಕ ನೋಡಿಕೊಳ್ಳಬೇಕು.

ನಾವು ಮೂವರು. ಗಿಟಾರು ಬಾರಿಸಿ ಹಾಡುವವನು ಪುತ್ತೂರಿನ ಲಾರೆನ್ಸ. ಮೈಕ್‌ಸೆಟ್ಟು, ಕಾರಿನ ಬ್ಯಾಟರಿ, ದೊಡ್ಡ ಬಾಯಿಯ ಹಾರ್ನು ಎಲ್ಲವನ್ನೂ ಕೈಗಾಡಿಯಲ್ಲಿ ಹೇರಿಕೊಂಡು ತಳ್ಳುವವನು ಕಡಬದ ಸೇಸಪ್ಪ. ಡ್ರಮ್ಮು ನಾನು, ಐವರ್ನಾಡಿನ ಬೆಳ್ಯಪ್ಪ. ಲಾರೆನ್ಸ ಸಿಲೋನ್ ರೇಡಿಯೋದಲ್ಲಿ ಇಂಗ್ಲಿಷ್ ಹಾಡು ಕೇಳಿ ಕೇಳಿ ಹುಚ್ಚು ಹಿಡಿಸಿಕೊಂಡಿದ್ದ. ಅದಕ್ಕೆ ರಾಕ್ ಅಂಡ್ ರೋಲ್ ಅಂತ ಹೆಸರು ಎಂದು ನಮಗೆ ಹೇಳಿಕೊಟ್ಟವನೂ ಅವನೇ. ಅವನ ಗಿಟಾರನ್ನು ಸೇಸಪ್ಪನ ಮೈಕ್‌ಸೆಟ್ಟಿಗೆ ಜೋಡಿಸಿದ ದಿನ ಪೇಟೆಯ ನಾಯಿಗಳೆಲ್ಲ ಒಟ್ಟಿಗೇ ಊರು ಬಿಟ್ಟವು. ಡ್ರಮ್ಮಿನ ಮೇಲೆ ‘ಲಾರೆನ್ಸ್ ಎಲೆಕ್ಟ್ರಿಕ್ ಬ್ಯಾಂಡ್’ ಎಂದು ಕೆಂಪು ಬಣ್ಣದಲ್ಲಿ ಬರೆಸಿದೆವು.

ಆದರೆ ಇದನ್ನು ಕೇಳುವವರು ಯಾರು? ಮದುವೆಯವರು. ಪುತ್ತೂರು, ಸುಳ್ಯ, ಕಡಬ, ಎಲ್ಲಿ ಹೋದರೂ ನಮ್ಮದು ದಿಬ್ಬಣದಲ್ಲಿ ನಡೆಯುವ ಕೆಲಸ. ಅದಕ್ಕೆ ಅದರದ್ದೇ ಕ್ರಮ ಉಂಟು. ಮನೆಯ ಹಿರಿಯರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಎದ್ದು ಬಾಗಿಲ ಕಡೆ ಹೊರಟರೆ ದಿಬ್ಬಣ ಹೊರಟಿತು ಎಂದು ಲೆಕ್ಕ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹಿರಿಯರ ಬೆನ್ನಿಗೆ ನಾವು, ನಮ್ಮ ಬೆನ್ನಿಗೆ ಮದುಮಗ, ಅವನ ಬೆನ್ನಿಗೆ ಊರು. ನನ್ನ ಎಡಗಾಲು ಎಲ್ಲಿ ಬೀಳುತ್ತದೋ ಅಲ್ಲಿ ತಾಳ. ಸುಳ್ಯದ ಕಡೆ ಏರು ಜಾಸ್ತಿ, ಹಾಡು ನಿಧಾನ. ಕಡಬದಲ್ಲಿ ಇಳಿಜಾರು ಬಂದರೆ ಅದೇ ಹಾಡು ಓಡುತ್ತದೆ. ಸೇಸಪ್ಪನ ಗಾಡಿ ಹಿಂದಿನಿಂದ ದೂಡಿದರೆ ಇನ್ನೂ ಓಡುತ್ತದೆ.

ಇನ್ನೊಂದು ಕ್ರಮ ನಿಲ್ಲಿಸುವುದು. ದೇವಸ್ಥಾನ, ಮಸೀದಿ, ಇಗರ್ಜಿ, ದೈವದ ಕಟ್ಟೆ, ಆಸ್ಪತ್ರೆ, ಇವು ಯಾವುದರ ಎದುರೂ ನಾವು ಬಾರಿಸುವುದಿಲ್ಲ. ನಾನು ಡ್ರಮ್ಮಿನ ಅಂಚಿಗೆ ಟಕ್ ಟಕ್ ಎಂದು ಹೊಡೆದರೆ ಹಾಡು ಎಲ್ಲಿದೆಯೋ ಅಲ್ಲೇ ನಿಲ್ಲಬೇಕು, ಲಾರೆನ್ಸನ ಬಾಯಿ ಅರ್ಧ ತೆರೆದಿದ್ದರೂ ಸರಿಯೇ. ಒಂದು ಕ್ಷಣ ಅಲ್ಲಾಡದೆ ನಿಂತು ಮರ್ಯಾದೆ ಕೊಟ್ಟು, ಮೆಲ್ಲ ದಾಟಿ, ಬಿಟ್ಟಲ್ಲಿಂದಲೇ ಪುನಃ ಶುರು. ಪುತ್ತೂರಿನ ಪೇಟೆಯಲ್ಲಿ ಒಂದು ಹಾಡು ಮುಗಿಯಬೇಕಾದರೆ ಇಂಥ ಎಷ್ಟೋ ನಿಲ್ದಾಣ. ಲೈನ್ ಬಸ್ಸಿಗೂ ಅಷ್ಟು ಇರಲಿಕ್ಕಿಲ್ಲ.

ಹೆಸರೇನೋ ಬಂತು. ಸುಳ್ಯದವರು ನಮ್ಮ ದಿನ ನೋಡಿ ಮುಹೂರ್ತ ಇಡಿಸುವಷ್ಟು ಹೆಸರು. ಮರ್ಯಾದೆ ಮಾತ್ರ ಬರಲಿಲ್ಲ. ದಿಬ್ಬಣ ಚಪ್ಪರಕ್ಕೆ ಮುಟ್ಟಿದ ಮೇಲೆ ನಮ್ಮನ್ನು ಕೇಳುವವರಿಲ್ಲ. ಊಟಕ್ಕೆ ನಮ್ಮದು ಕಡೆಯ ಪಂಕ್ತಿ. ಅಷ್ಟು ಹೊತ್ತಿಗೆ ಪಾಯಸ ತಣಿದು, ಕೆನೆ ಕಟ್ಟಿ, ಹಂಡೆಯ ತಳವನ್ನು ಸೌಟು ಕೆರೆಯುವ ಸದ್ದು ಕೇಳಿಸುತ್ತಿತ್ತು. ಆ ಸದ್ದು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಲಾರೆನ್ಸನ ಆಸೆ ಒಂದೇ. ಪುತ್ತೂರಿನ ಶಾಲೆಯ ವಾರ್ಷಿಕೋತ್ಸವದ ಸ್ಟೇಜಿನಲ್ಲಿ, ಎದುರಿಗೆ ಕೂತು ಕೇಳುವ ಜನರ ಮುಂದೆ, ಒಮ್ಮೆ ಬಾರಿಸಬೇಕು. ಕಮಿಟಿಯ ಅಧ್ಯಕ್ಷರು ರೈಗಳು, ದೊಡ್ಡ ಮೀಸೆಯ ದೊಡ್ಡ ಜನ. ನಾವು ಹೋಗಿ ಕೇಳಿದರೆ ಅವರು ನಕ್ಕೇಬಿಟ್ಟರು.

“ನಡೆಯುವವರಿಗೆ ಎಂತಕ್ಕೆ ಮಾರಾಯ ಸ್ಟೇಜು? ಸ್ಟೇಜು ಹರಿಕಥೆಯವರಿಗೆ, ನಾಟಕದವರಿಗೆ. ನೀನು ಹಾಡುದು ಸಿಲೋನಿನ ಪದ ಅಲ್ವಾ? ಸಿಲೋನಿನವರು ನಿನ್ನನ್ನು ಸ್ಟೇಜಿಗೆ ಹತ್ತಿಸ್ಲಿ, ಮತ್ತೆ ನಾನು ಹತ್ತಿಸ್ತೇನೆ.”

ಅವರು ತಮಾಷೆಗೆ ಹೇಳಿದ್ದು. ಲಾರೆನ್ಸ ಅದನ್ನು ಗಂಟು ಹಾಕಿಕೊಂಡ. “ಸಿಲೋನಿನಲ್ಲಿ ಸ್ಟೇಜು ಸಿಕ್ಕಿದ್ರೆ ಬ್ಯಾಂಡು ಉಂಟು, ಇಲ್ಲದಿದ್ರೆ ಇಲ್ಲ. ನಾನು ಮಾವನ ಬೇಕರಿಗೆ ಹೋಗುದು. ಕಡೆಯ ಪಂಕ್ತಿ ಸಾಕಾಯ್ತು ನಂಗೆ” ಎಂದ. ಅವನು ಬೇಕರಿಗೆ ಹೋದರೆ ನಾನು ಭಾವನ ರಬ್ಬರು ತೋಟದಲ್ಲಿ ಹಾಲು ಬಟ್ಟಲು ಹೊರಬೇಕು.

ಉಪ್ಪಿನಂಗಡಿ

ಸಿಲೋನೆಂದರೆ ಪಕ್ಕದ ಓಣಿಯೇ? ಆದರೆ ನಮ್ಮ ಅದೃಷ್ಟಕ್ಕೆ ಉಪ್ಪಿನಂಗಡಿಯಲ್ಲಿ ಅದ್ರಾಮ ಬ್ಯಾರಿಗಳಿದ್ದರು. ಒಣಮೀನಿನ ದೊಡ್ಡ ವ್ಯಾಪಾರಿ, ಕೊಲಂಬೊದಲ್ಲೂ ಅವರ ಅಂಗಡಿ ಇತ್ತು. ಒಮ್ಮೆ ಮಸೀದಿಯ ಎದುರು ನಮ್ಮ ಹಾಡು ಗಪ್ಪೆಂದು ನಿಂತಾಗ ಅವರು ಬದಿಯಲ್ಲೇ ಇದ್ದರಂತೆ. ಆವತ್ತೇ ಬಂದು ಕೇಳಿದ್ದರು.

“ಯಾರು ಹೇಳಿದ್ದು ನಿಮಗೆ ನಿಲ್ಲಿಸ್ಲಿಕ್ಕೆ?”

“ಯಾರೂ ಇಲ್ಲ ಬ್ಯಾರಿಗಳೇ. ನಾವು ಎಲ್ಲ ದೇವರ ಎದುರೂ ನಿಲ್ಲಿಸುದು” ಎಂದಿದ್ದ ಸೇಸಪ್ಪ. “ಡಾಕ್ಟ್ರ ಎದುರೂ.”

ಆ ದಿನದಿಂದ ಅವರಿಗೆ ನಮ್ಮ ಮೇಲೆ ಪ್ರೀತಿ. ಈಗ ಸಂಗತಿ ತಿಳಿದು ನಮ್ಮನ್ನು ಕರೆಸಿದರು. ಕೊಲಂಬೊದ ಸಮುದ್ರದ ಎದುರಿನ ಒಂದು ಹೋಟೆಲಿನ ಅಡುಗೆಮನೆಗೆ ಒಣಮೀನು ಕೊಡುವವರು ಅವರೇ. ಅಲ್ಲಿ ಪ್ರತಿ ಶನಿವಾರ ಸ್ಟೇಜಿನಲ್ಲಿ ಬ್ಯಾಂಡು, ಕೆಳಗೆ ಡ್ಯಾನ್ಸು. ಅವರು ಬರೆಸಿ ಕೇಳಿದ್ದಕ್ಕೆ ಮ್ಯಾನೇಜರು ಒಂದು ಶನಿವಾರ ಪರೀಕ್ಷೆ ಮಾಡುತ್ತೇನೆ, ಒಪ್ಪಿಗೆಯಾದರೆ ಒಂದು ತಿಂಗಳು ಇಟ್ಟುಕೊಳ್ಳುತ್ತೇನೆ ಎಂದನಂತೆ. ಹೀಗೆ ನಮ್ಮ ಕಲಾಸೇವೆ ಒಣಮೀನಿನ ಬಲದಿಂದ ಸಮುದ್ರ ದಾಟಿತು. ಬ್ಯಾರಿಗಳೂ ನಮ್ಮೊಟ್ಟಿಗೆ ಹೊರಟರು.

“ಕೊಲಂಬೊದಲ್ಲಿ ಎಲ್ಲರ ಹತ್ರ ಹೇಳಿಯಾಗಿದೆ, ಆಯ್ತಾ? ನನ್ನ ಮರ್ಯಾದೆ ತೆಗೀಬೇಡಿ ಮಾರಾಯ್ರೆ” ಎಂದು ಬಸ್ಸು ಹತ್ತುವಾಗಲೇ ಹೇಳಿದರು.

ಧನುಷ್ಕೋಡಿ

ಮಂಗಳೂರಿನಿಂದ ರೈಲು ಬದಲಿಸಿ ಬದಲಿಸಿ ಧನುಷ್ಕೋಡಿಗೆ ಮುಟ್ಟುವಾಗ ನಮ್ಮ ಮುಖದ ಮೇಲಿನ ಮಸಿಯಲ್ಲಿ ಒಂದು ಲಾಂದ್ರಕ್ಕೆ ಬಣ್ಣ ಬಳಿಯಬಹುದಿತ್ತು. ಆ ಊರು ಈಗ ಇಲ್ಲ, ಮರುವರ್ಷವೋ ಏನೋ ಸಮುದ್ರ ನುಂಗಿತು. ಆಗ ಅಲ್ಲಿ ಸ್ಟೇಷನ್ನು, ಮರಳು, ಸುಂಕದ ಅಧಿಕಾರಿ ಇಷ್ಟು ಇದ್ದವು.

ಸೇಸಪ್ಪ ಊರಿನಿಂದ ಕೈಗಾಡಿಯನ್ನೇ ತಂದಿದ್ದ. ಚಕ್ರ ಕಳಚಿ, ಗೋಣಿ ಸುತ್ತಿ, ರೈಲಿನಲ್ಲಿ ಸೀಟಿನ ಕೆಳಗೆ ದೂಡಿ, ರಾತ್ರಿಯೆಲ್ಲ ಅದರ ಮೇಲೆ ಕಾಲಿಟ್ಟು ಮಲಗಿದ್ದ. ಅಧಿಕಾರಿ ಗೋಣಿ ಬಿಚ್ಚಿಸಿ ಚಕ್ರ ನೋಡಿ ತಲೆ ಕೆರೆದುಕೊಂಡ. ಸಿಲೋನಿನಲ್ಲಿ ಗಾಡಿ ಸಿಗುವುದಿಲ್ಲವೇ ಎಂದು ತಮಿಳಿನಲ್ಲಿ ಕೇಳಿದ. ಸೇಸಪ್ಪನಿಗೆ ಬರುವುದು ಗಡಿಯ ಮಲಯಾಳ. ಅದರಲ್ಲೇ ಉತ್ತರ ಕೊಟ್ಟ: “ಸಿಗ್ತದೆ ಸಾರ್. ಆದ್ರೆ ಅದಕ್ಕೆ ಇವನ ನಡಿಗೆ ಗೊತ್ತಿಲ್ಲ.” ಇವನು ಎಂದು ನನ್ನನ್ನು ತೋರಿಸಿದ. ಅಧಿಕಾರಿ ನನ್ನ ಕಾಲನ್ನು ಬಹಳ ಅನುಮಾನದಿಂದ ನೋಡಿದ. ಕಾಲಿಗೆ ಸುಂಕ ಇಲ್ಲದ್ದರಿಂದ ಬಿಟ್ಟ.

ಹಡಗಿನಲ್ಲಿ ಲಾರೆನ್ಸ ಡೆಕ್ಕಿನ ಮೇಲೆ ನಡೆಯುತ್ತಾ ತಾಲೀಮು ಮಾಡೋಣ ಎಂದ. ಮಾಡಿದೆವು. ಡೆಕ್ಕು ಮೇಲೆದ್ದರೆ ನನಗೆ ಅದು ಸುಳ್ಯದ ಏರು, ಕೆಳಗಿಳಿದರೆ ಕಡಬದ ಇಳಿಜಾರು. ಒಂದೇ ಹಾಡು ಸಾವಿನ ಮನೆಗೂ ಮದುವೆ ಮನೆಗೂ ಓಡಾಡತೊಡಗಿತು. ಒಬ್ಬ ತಮಿಳು ಹೆಂಗಸು ತಲೆಗೆ ಸೆರಗು ಕಟ್ಟಿಕೊಂಡು ಆಚೆ ಹೋದಳು. ಲಾರೆನ್ಸನಿಗೆ ವಾಂತಿ. ನಿಜ ಹೇಳಬೇಕೆಂದರೆ ಆ ಸಮುದ್ರ ಅಂಥ ದೊಡ್ಡದೇನೂ ಅಲ್ಲ. ಮಳೆಗಾಲದಲ್ಲಿ ಕುಮಾರಧಾರೆ ದಾಟಿಸುವ ನಮ್ಮ ದೋಣಿಯವನು ಇದಕ್ಕಿಂತ ಹೆಚ್ಚು ಹೆದರಿಸುತ್ತಾನೆ.

ಕೊಲಂಬೊ, ಶುಕ್ರವಾರ

ಬ್ಯಾರಿಗಳ ಅಂಗಡಿಯ ಮಾಳಿಗೆಯಲ್ಲಿ ನಮ್ಮ ಬಿಡಾರ. ಕೆಳಗೆ ಒಣಮೀನು, ಮೇಲೆ ನಾವು. ಸಿಲೋನಿನ ಪರಿಮಳದ ಬಗ್ಗೆ ನನ್ನಲ್ಲಿ ಕೇಳಬೇಡಿ.

ಬೆಳಿಗ್ಗೆ ಎದುರಿಗೆ ಬಂದದ್ದು ಒತ್ತುಶ್ಯಾವಿಗೆ. ಅಯ್ಯೋ, ನಮ್ಮದೇ ತಿಂಡಿ ಎಂದು ಕಣ್ಣು ತುಂಬಿಬಂತು. ಊರಿನಲ್ಲಾದರೆ ಅದಕ್ಕೆ ಕಾಯಿಹಾಲು, ಬೆಲ್ಲ. ಇವರು ತೆಂಗಿನಕಾಯಿಗೆ ಬೆಂಕಿಯಂಥ ಮೆಣಸು ಅರೆದು ಹಾಕುತ್ತಾರೆ. ಕಣ್ಣು ಎರಡನೆಯ ಸಲವೂ ತುಂಬಿತು, ಈ ಸಲ ಊರಿನ ನೆನಪಿಗಲ್ಲ. ಮಧ್ಯಾಹ್ನ ಕೆಂಪು ಕುಚ್ಚಲಕ್ಕಿ ಅನ್ನ ಕಂಡ ಮೇಲೆ ಸೇಸಪ್ಪ ಸಿಲೋನನ್ನು ಪೂರ್ತಿ ಕ್ಷಮಿಸಿದ. ಮಾತಿಗೆ ಮುಂಚೆ ಕೈಮುಗಿಯುವುದು, ದೊಡ್ಡವರಿಗೆ ವೀಳ್ಯದೆಲೆಯನ್ನು ಎರಡೂ ಕೈಯಲ್ಲಿ ಕೊಡುವುದು, ಇವೆಲ್ಲ ನಮ್ಮ ಹಾಗೆಯೇ. ದಾರಿ ಕೇಳಿದರೆ ಮಾತ್ರ ಇವರು ಬೆರಳು ತೋರಿಸುವುದಿಲ್ಲ, ತಾವೇ ಜೊತೆಗೆ ನಡೆದುಬರುತ್ತಾರೆ. ದಾರಿಯಲ್ಲಿ ಇನ್ನಿಬ್ಬರು ಎಲ್ಲಿಗೆ ಎಂದು ಕೇಳಿ ಸೇರಿಕೊಳ್ಳುತ್ತಾರೆ. ನಾವು ಹೋಟೆಲು ನೋಡಲು ಹೊರಟು, ಮುಟ್ಟುವಾಗ ಒಂದು ಸಣ್ಣ ಮೆರವಣಿಗೆಯೇ ಆಗಿತ್ತು.

ಹೋಟೆಲಿನ ಕಾವಲುಗಾರ ಡ್ರಮ್ಮು ನೋಡಿ ಹಿಂಬಾಗಿಲು ತೋರಿಸಿದ. ಬ್ಯಾಂಡಿನವರ ದಾರಿ ಎಲ್ಲ ದೇಶದಲ್ಲೂ ಒಂದೇ ಎಂದು ನನಗೆ ಬೇಸರವಾಯಿತು.

ಕೊಲಂಬೊ, ಶನಿವಾರ ಸಂಜೆ

ಸ್ಟೇಜು ಎಂದರೆ ಸ್ಟೇಜು! ಹಿಂದೆ ನೀಲಿ ಪರದೆ, ಮುಂದೆ ಹೂವಿನ ಕುಂಡ, ನಡುವೆ ಮೂರು ಕುರ್ಚಿ. ಕೆಳಗೆ ನುಣ್ಣಗಿನ ನೆಲ, ಸುತ್ತ ಮೇಜು, ಕೋಟು ಹಾಕಿದ ಗಂಡಸರು, ಗೌನು ತೊಟ್ಟ ಹೆಂಗಸರು. ಎದುರಿನ ಮೇಜಿನಲ್ಲಿ ಅದ್ರಾಮ ಬ್ಯಾರಿಗಳು ಬಿಳಿ ಮುಂಡಾಸು, ಹೊಸ ಕೊಡೆ ಸಮೇತ ಕೂತಿದ್ದರು. ಅವರ ಅಕ್ಕಪಕ್ಕ ಕೊಲಂಬೊದ ನಾಲ್ಕೈದು ವ್ಯಾಪಾರಿಗಳು. “ನಮ್ಮ ಊರಿನ ಹುಡುಗರು” ಎಂದು ನಮ್ಮನ್ನು ತೋರಿಸಿ ಹೇಳುವುದು ಕಾಣುತ್ತಿತ್ತು.

ನಾವು ಕೂತೆವು. ಲಾರೆನ್ಸ ಶುರು ಮಾಡಿದ. ನಾನು ಕೋಲೆತ್ತಿದೆ.

ತಾಳ ಬರಲಿಲ್ಲ.

ಬರಲಿಲ್ಲ ಎಂದರೆ ಬರಲೇ ಇಲ್ಲ! ಕುರ್ಚಿಯಲ್ಲಿ ಕೂತ ಕಾಲು ನಡೆಯುತ್ತದೆಯೇ? ಕಾಲು ನಡೆಯದೆ ಕೈ ಎಲ್ಲಿ ಬೀಳಬೇಕು? ಅದುವರೆಗೆ ಒಂದು ದಿನವೂ ನಾವು ಕೂತು ಬಾರಿಸಿದವರಲ್ಲ. ತಾಲೀಮು ಕೂಡ ಪುತ್ತೂರಿನ ಬಪ್ಪಳಿಗೆಯ ರಸ್ತೆಯಲ್ಲಿ ನಡೆಯುತ್ತಲೇ ಮಾಡಿದ್ದು. ಈ ವಿಷಯ ಸಮುದ್ರ ದಾಟಿ, ಪರದೆಯ ಮುಂದೆ ಕೂರುವವರೆಗೆ ನಮ್ಮ ಮೂವರಲ್ಲಿ ಒಬ್ಬನ ತಲೆಗೂ ಹೋಗಿರಲಿಲ್ಲ. ನಾನು ಒಂದು ಕಡೆ, ಲಾರೆನ್ಸ ಇನ್ನೊಂದು ಕಡೆ. ಡ್ಯಾನ್ಸಿಗೆ ಎದ್ದವರು ಒಬ್ಬರ ಕಾಲು ಒಬ್ಬರು ಮೆಟ್ಟಿ, ಕ್ಷಮೆ ಕೇಳಿ, ಪುನಃ ಹೋಗಿ ಕೂತರು. ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿದಳು. ಮ್ಯಾನೇಜರು ಗೋಡೆಗೊರಗಿ ಗಡಿಯಾರ ನೋಡತೊಡಗಿದ.

“ಎಂತ ಮಾಡ್ತಿದ್ದೀಯ ಬೆಳ್ಯಪ್ಪ?” ಎಂದು ಲಾರೆನ್ಸ ಹಲ್ಲು ಕಚ್ಚಿ ಕೇಳಿದ.

“ನನ್ನ ಕಾಲು ಮಾರಾಯ!”

“ಕಾಲಿಗೆ ಎಂತ ಆಗಿದೆ?”

“ಎಂತದೂ ಆಗ್ತಾ ಇಲ್ಲ. ಅದೇ ಕಷ್ಟ!”

ಬೆವರು ಇಳಿಯುತ್ತಿತ್ತು. ಬೇಕರಿ, ರಬ್ಬರಿನ ಬಟ್ಟಲು, ರೈಗಳ ನಗು ಎಲ್ಲ ಕಣ್ಣ ಮುಂದೆ ಬಂತು. ಅಳು ಬರುವಷ್ಟು ನಾಚಿಕೆಯಾಗುತ್ತಿತ್ತು. ಅದ್ರಾಮ ಬ್ಯಾರಿಗಳ ತಲೆ ಹಾಡಿನ ಒಂದೊಂದು ಸಾಲಿಗೂ ಬಗ್ಗುತ್ತಾ ಹೋಗಿ, ಕಡೆಗೆ ಮುಂಡಾಸು ಮಾತ್ರ ಕಾಣುತ್ತಿತ್ತು. ಪಕ್ಕದ ವ್ಯಾಪಾರಿ ಏನೋ ಹೇಳಿದ. ಬ್ಯಾರಿಗಳಿಗೆ ಇನ್ನು ತಡೆಯಲಾಗಲಿಲ್ಲ. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿದರು, ಎದ್ದರು, ಬಾಗಿಲ ಕಡೆ ಹೊರಟರು.

ಹಿರಿಯರು ಎದ್ದರು. ಕಂಕುಳಲ್ಲಿ ಕೊಡೆ. ಬಾಗಿಲ ಕಡೆ ಮುಖ.

ದೇವರಾಣೆಗೂ ನಾನು ಯೋಚಿಸಿ ಮಾಡಿದ್ದಲ್ಲ. ನನ್ನ ಕಾಲು ತಾನಾಗಿ ಎದ್ದಿತು. ಡ್ರಮ್ಮು ಕುತ್ತಿಗೆಗೆ ಬಂತು. ಎಡಗಾಲು ಬಿತ್ತು, ಕೋಲು ಬಿತ್ತು, ಡಂ! ಆಹಾ, ತಾಳ ಸಿಕ್ಕಿತು! ನಾನು ಸ್ಟೇಜಿನ ಮೆಟ್ಟಿಲಿಳಿದು ಬ್ಯಾರಿಗಳ ಬೆನ್ನು ಹಿಡಿದೆ. ಲಾರೆನ್ಸನೂ ಅಷ್ಟು ವರ್ಷದ ಅಭ್ಯಾಸಕ್ಕೆ ಎದ್ದೇ ಬಂದ. ಅವನ ಗಿಟಾರಿನ ವಯರು ಸೇಸಪ್ಪನ ಗಾಡಿಗೆ ಕಟ್ಟಿತ್ತು; ವಯರು ಬಿಗಿಯಾದ ಮೇಲೆ ಸೇಸಪ್ಪ ಉಳಿಯುವುದು ಹೇಗೆ? ಬ್ಯಾಟರಿ, ಹಾರ್ನು ಸಮೇತ ಗಾಡಿ ಮೆಟ್ಟಿಲ ಮೇಲೆ ಧಡಧಡ ಇಳಿಯಿತು. ಒಂದು ಹೂವಿನ ಕುಂಡವೂ ನಮ್ಮೊಟ್ಟಿಗೆ ಹೊರಟಿತು.

ಬ್ಯಾರಿಗಳು ತಿರುಗಿ ನೋಡಿ ಬೆಚ್ಚಿದರು. ನಡಿಗೆ ಜೋರು ಮಾಡಿದರು. ಹಿರಿಯರ ನಡಿಗೆ ಜೋರಾದರೆ ನಾವೂ ಜೋರು ಮಾಡಬೇಕು, ಅದು ಕ್ರಮ. ಹಾಡಿಗೆ ಕಡಬದ ಇಳಿಜಾರಿನ ವೇಗ ಬಂತು. ಆಕಳಿಸಿದವಳೇ ಮೊದಲು ಎದ್ದದ್ದು. ಆಮೇಲೆ ಮೇಜು ಮೇಜೇ ಎದ್ದಿತು. ಮುಂಬಾಗಿಲಿನಿಂದ, ನಾವು ಒಳಗೆ ಬರಬಾರದಾಗಿದ್ದ ಅದೇ ಮುಂಬಾಗಿಲಿನಿಂದ, ಕುಣಿಯುವ ಕೊಲಂಬೊವನ್ನು ಬೆನ್ನಿಗೆ ಹಾಕಿಕೊಂಡು ಹೊರಗೆ ಬಂದೆವು. ಕಾವಲುಗಾರ ಸೆಲ್ಯೂಟು ಹೊಡೆದ.

ರಸ್ತೆಗಿಳಿದರೆ ಎದುರಿಗೇ ಅರಳಿಮರ, ಅದರ ಬುಡದಲ್ಲಿ ಬುದ್ಧ. ಟಕ್ ಟಕ್. ಹಾಡು ಗಪ್ಪೆಂದಿತು. ನಾವು ಅಲ್ಲಾಡದೆ ನಿಂತೆವು. ಹಿಂದೆ ಕುಣಿಯುತ್ತಿದ್ದವರು ಕೈ ಕೈಯಲ್ಲಿ, ಎತ್ತಿದ ಕಾಲು ಮೇಲೆಯೇ, ಹಾಗೆಯೇ ನಿಂತುಬಿಟ್ಟರು. ಉಸಿರಿಲ್ಲ. ಮೆಲ್ಲ ದಾಟಿದೆವು, ಅವರೂ ದಾಟಿದರು. ಡಡ್ಡಂ! ಲಾರೆನ್ಸ ಅರ್ಧಕ್ಕೆ ಬಿಟ್ಟ ಶಬ್ದದ ಉಳಿದರ್ಧ ಹಾಡಿದ. ಜನ ಹೋ ಎಂದು ಕಿರುಚಿದರು. ಇದು ಯಾವುದೋ ಹೊಸ ಡ್ಯಾನ್ಸು ಎಂದು ಅವರು ತಿಳಿದಿದ್ದರು.

ಕೊಲಂಬೊದಲ್ಲಿ ದೇವರುಗಳು ಪುತ್ತೂರಿಗಿಂತ ಒತ್ತೊತ್ತಾಗಿ ವಾಸ ಮಾಡುತ್ತಾರೆ. ಅರಳಿಮರ ದಾಟಿದರೆ ಮುರುಗನ ಕೋವಿಲು, ಅದರ ಆಚೆ ಮಸೀದಿ, ತಿರುವಿನಲ್ಲಿ ಇಗರ್ಜಿ. ಟಕ್ ಟಕ್, ಗಪ್ಪು. ಡಡ್ಡಂ, ಹೋ! ಇಗರ್ಜಿಯ ಎದುರು ಬಿಳಿ ಸಮವಸ್ತ್ರದ ಪೊಲೀಸನೊಬ್ಬ ನಮ್ಮನ್ನು ತಡೆಯಲು ಕೈಯೆತ್ತಿದ. ನಾವು ಅಷ್ಟರಲ್ಲೇ ಏಸುವಿಗೆ ನಿಂತಿದ್ದೆವು. ತನ್ನ ಕೈಗೆ ಇಷ್ಟು ಜನ ಒಮ್ಮೆಗೇ ನಿಂತದ್ದು ಅವನ ನೌಕರಿಯಲ್ಲೇ ಮೊದಲಿರಬೇಕು. ಮುಖ ಅರಳಿತು. ಕಾರುಗಳನ್ನೆಲ್ಲ ನಿಲ್ಲಿಸಿ ನಮ್ಮನ್ನು ದಾಟಿಸಿ, ಹೋಟೆಲಿನವರೆಗೆ ತಾನೂ ನಡೆದುಬಂದ.

ಬ್ಯಾರಿಗಳು ಊರೆಲ್ಲ ಸುತ್ತಿ ಬೇರೆ ದಾರಿ ಕಾಣದೆ ಹೋಟೆಲಿಗೇ ಮರಳಿದ್ದರು. ಸೋಫಾದ ಮೇಲೆ ದೊಪ್ಪನೆ ಕೂತು ಏದುಸಿರು ಬಿಡುತ್ತಾ ಬೈದರು.

“ಎಂತ ಮಾರಾಯ್ರೆ ನೀವು! ಮರ್ಯಾದೆ ಹೋಯ್ತು ಅಂತ ನಾನು ತಪ್ಪಿಸಿಕೊಂಡು ಓಡುದು, ನೀವು ಬ್ಯಾಂಡು ಬಾರಿಸಿಕೊಂಡು ನನ್ನ ಹಿಂದೆ ಬರುದಾ?”

“ನೀವು ಎದ್ರಲ್ಲ ಬ್ಯಾರಿಗಳೇ” ಎಂದೆ.

ಅಷ್ಟರಲ್ಲಿ ಮ್ಯಾನೇಜರು ಬಂದ. ಟೈ ಓರೆಯಾಗಿತ್ತು, ಅವನೂ ಕುಣಿದಿದ್ದ. ಲಾರೆನ್ಸನ ಕೈ ಹಿಡಿದು ಇಂಗ್ಲಿಷಿನಲ್ಲಿ ಉದ್ದಕ್ಕೆ ಮಾತಾಡಿದ. ಒಂದು ತಿಂಗಳು ಪ್ರತಿ ಶನಿವಾರ ನಮ್ಮದೇ ಬ್ಯಾಂಡು. ಒಂದೇ ಶರತ್ತು, ಮುಂಡಾಸಿನ ಆ ದೊಡ್ಡ ಮನುಷ್ಯರೂ ಬರಬೇಕು. ಲಾರೆನ್ಸ ಇದನ್ನು ಕನ್ನಡಕ್ಕೆ ತಂದಾಗ ಬ್ಯಾರಿಗಳು ಮುಂಡಾಸು ಸರಿಮಾಡಿಕೊಂಡು, “ಹಾಗಾದ್ರೆ ನಂಗೆ ಕಾಲಿಗೆ ಒಂದು ಒಳ್ಳೆ ಜೋಡು ಬೇಕಾಗ್ತದೆ” ಎಂದರು. ನಾವು ಮೂವರೂ ನಕ್ಕೆವು, ಅತ್ತೆವು, ಯಾವುದು ಮೊದಲೋ ಗೊತ್ತಿಲ್ಲ.

ಪುನಃ ಪುತ್ತೂರು

ಸುದ್ದಿ ನಮಗಿಂತ ಮುಂಚೆ ಊರು ಸೇರಿತ್ತು. ರೈಗಳು ಮಾತಿನ ಮನುಷ್ಯ. ವಾರ್ಷಿಕೋತ್ಸವಕ್ಕೆ ಸ್ಟೇಜು ಕೊಟ್ಟರು. ನಾವು ಹೋಗಿ ನೋಡಿದರೆ ಅಲ್ಲೂ ಮೂರು ಕುರ್ಚಿ! ಅವುಗಳ ಮೇಲೆ ಬಿಳಿ ಬಟ್ಟೆ ಬೇರೆ ಹಾಸಿದ್ದರು. ಸಭೆ ತುಂಬಿತ್ತು. ಎದುರಿಗೆ ರೈಗಳು, ಪಕ್ಕದಲ್ಲಿ ಅವರ ಬೆಳ್ಳಿ ಹಿಡಿಯ ಕೊಡೆ.

ಲಾರೆನ್ಸ ಮೈಕಿನ ಮುಂದೆ ನಿಂತ. ಇಷ್ಟು ದಿನ ಕಾದ ಸ್ಟೇಜನ್ನು ಒಮ್ಮೆ ಆಚೆ ಈಚೆ ನೋಡಿದ. ಆಮೇಲೆ ಕೈಮುಗಿದು ಹೇಳಿದ.

“ಧನಿಗಳೇ, ತಪ್ಪು ತಿಳೀಬಾರ್ದು. ತಾವು ಒಂದು ಕೊಡೆ ಹಿಡ್ಕೊಂಡು ಎದ್ದು ಹೊರಗೆ ಹೋಗ್ಬೇಕು.”

ರೈಗಳ ಮೀಸೆ ಅದುರಿತು.

“ಎಂತ? ನನ್ನ ಶಾಲೆಯಿಂದ ನನ್ನನ್ನೇ ಹೊರಗೆ ಹಾಕುದಾ ನೀನು?” ಸಿಟ್ಟಿನಿಂದ ಎದ್ದರು. ಕೊಡೆ ಕಂಕುಳಿಗೆ ಹೋಯಿತು. ಬಿರಬಿರನೆ ಬಾಗಿಲಿಗೆ ಹೊರಟರು.

ನಮಗೆ ಬೇಕಾದ್ದು ಅಷ್ಟೇ.

ಅವರ ಬೆನ್ನಿಗೆ ನಾವು, ನಮ್ಮ ಬೆನ್ನಿಗೆ ಹರಿಕಥೆಯವರು, ನಾಟಕದ ವೇಷಗಳು, ಮೇಷ್ಟ್ರುಗಳು, ಪುತ್ತೂರು ಪೂರ್ತಿ. ರಸ್ತೆ ಮುಟ್ಟುವಾಗ ರೈಗಳ ನಡಿಗೆಯಲ್ಲಿ ಸಿಟ್ಟು ಇಳಿದು ಗತ್ತು ಬಂದಿತ್ತು. ದೈವದ ಕಟ್ಟೆಯ ಎದುರು ನಾನು ಟಕ್ ಟಕ್ ಎಂದಾಗ ಅವರು ಎತ್ತಿದ ಕಾಲನ್ನು ಎತ್ತಿಕೊಂಡೇ ನಿಂತರು. ಪೇಟೆ ಸುತ್ತಿ ಶಾಲೆಯ ಹಿಂದಿನ ಊಟದ ಚಪ್ಪರಕ್ಕೆ ಬಂದೆವು. ಎಲೆ ಹಾಕಿತ್ತು. ರೈಗಳು ಮೊದಲನೆಯ ಎಲೆಗೆ ಕೂತರು. ನಾನು ಅಭ್ಯಾಸದಂತೆ ಬದಿಗೆ ಸರಿದು ನಿಂತೆ.

ಬಡಿಸುವವನು, “ಬ್ಯಾಂಡಿನವರು ಕಡೆಗೆ...” ಎಂದು ಶುರು ಮಾಡಿದ್ದ.

“ಯಾರ ಕಡೆಗೆ?” ಎಂದು ರೈಗಳು ಗುಡುಗಿದರು. “ನನ್ನ ಬೆನ್ನಿಗೆ ಬಂದವರು ನನ್ನ ಬದಿಗೆ ಕೂರುದು. ಬಾ ಬೆಳ್ಯಪ್ಪ, ಡ್ರಮ್ಮು ಅಲ್ಲಿಡು.”

ಕೂತೆವು, ಮೂವರೂ ಸಾಲಾಗಿ. ಪಾಯಸ ಬಂತು. ಅಷ್ಟು ವರ್ಷ ಅಷ್ಟು ಮದುವೆಗಳಿಗೆ ನಡೆದಿದ್ದರೂ ಪಾಯಸ ಎಂಬುದು ಬಿಸಿ ಇರುವ ಪದಾರ್ಥ ಎಂದು ನನಗೆ ಗೊತ್ತಿರಲಿಲ್ಲ. ಮೊದಲ ಗುಕ್ಕಿಗೇ ನಾಲಿಗೆ ಸುಟ್ಟುಕೊಂಡೆ.